ಸೀರಿಯಲ್ ಬಿಡಲಾ ಅಂತ ಕೇಳಿದವರಿಗೆ

ಎರಡು ವರ್ಷದಿಂದ ಸೀರಿಯಲ್‌ನಲ್ಲಿ ಹೀರೋ ತಮ್ಮನ ಪಾತ್ರ, ಈಗ ಸಿನಿಮಾದಲ್ಲಿ ಹತ್ತು ದಿನದ ಸಣ್ಣ ರೋಲ್ ಬಂದಿದೆ, ಸೀರಿಯಲ್ ಬಿಡಲಾ ಅಂತ ಕೇಳಿದ್ದೀರಿ. ಸುಮ್ನೆ ಬಿಡಬೇಡಿ ಸರ್.

ಯಶ್ ಅವರನ್ನೇ ನೋಡಿ. ‘ನಂದಗೋಕುಲ’ ಸೀರಿಯಲ್ ಮಾಡಿದವರು. 2008ರಲ್ಲಿ ‘ಮೊಗ್ಗಿನ ಮನಸು’ ಬಂತು, ಅದು ಹುಡುಗಿಯರ ಕಥೆ, ಆದರೂ ಇವರಿಗೆ ಪೋಷಕ ನಟ ಅಂತ ಫಿಲ್ಮ್‌ಫೇರ್ ಸಿಕ್ಕಿತು. ಅಲ್ಲಿಂದ ‘ಕೆಜಿಎಫ್’ ತನಕ ಇನ್ನೂ ಹತ್ತು ವರ್ಷ. ನಮಗೆಲ್ಲ ನೆನಪಿರೋದು 2018 ಮಾತ್ರ, ಅಲ್ವಾ? ರಾಧಿಕಾ ಪಂಡಿತ್ ಕೂಡ ಅದೇ ‘ನಂದಗೋಕುಲ’, ಅದೇ ‘ಮೊಗ್ಗಿನ ಮನಸು’.

ನಿಮ್ಮ ನಿಜವಾದ ತಲೆನೋವು ಡೇಟ್ಸ್, ಅಂದರೆ ಎರಡು ಕಡೆಯ ಶೂಟಿಂಗ್ ದಿನಗಳನ್ನು ಹೊಂದಿಸೋದು. ಮೊದಲು ಅಗ್ರಿಮೆಂಟ್ ಓದಿ, ಆಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ, ನಿಮ್ಮ ಸೀನ್‌ಗಳನ್ನು ಮುಂಚೆಯೇ ಶೂಟ್ ಮಾಡಿಸಿಕೊಳ್ಳಿ. ತಮ್ಮನ ಪಾತ್ರ ತಾನೇ, ಹತ್ತು ದಿನ ಆಫೀಸ್ ಕೆಲಸಕ್ಕೆ ಮುಂಬೈಗೆ ಹೋದ ಅಂತ ಒಂದು ಡೈಲಾಗ್ ಹಾಕಿದರೆ ಮುಗೀತು.

ಗಡ್ಡದ ವಿಷಯವನ್ನೂ ಕೇಳಿಕೊಳ್ಳಿ, ನಗಬೇಡಿ. ನಾನು ಅಸಿಸ್ಟೆಂಟ್ ಆಗಿದ್ದ ಸೆಟ್‌ಗೆ ಒಬ್ಬ ಹುಡುಗ ಸಿನಿಮಾಗೆ ಅಂತ ಗಡ್ಡ ಬಿಟ್ಟು ಬಂದಿದ್ದ, ಹಿಂದಿನ ಸೀನ್‌ನಲ್ಲಿ ನುಣ್ಣಗೆ ಶೇವ್. ಅರ್ಧ ದಿನ ಶೂಟಿಂಗ್ ನಿಂತಿತು.