ಹೊರೆಯ ಲೆಕ್ಕ ಎಲ್ಲಿ ಸಾಕು, ನೀರಿನ ಲೆಕ್ಕ ಎಲ್ಲಿ ಬೇಕು

ಪ್ರಶ್ನೆ: ತುಮಕೂರಿನ ಕ್ಯಾತ್ಸಂದ್ರದಲ್ಲಿ ಭಾನುವಾರದ ಸಂಜೆಗಳಂದು ನಾವು ಐವರು ಸ್ನೇಹಿತರು ಸೇರಿ ಒಬ್ಬೊಬ್ಬರೂ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದ ಐದನೆಯ ಆವೃತ್ತಿಯನ್ನು 2014ರ ನಿಯಮಗಳ ಪ್ರಕಾರ ಆಡುತ್ತೇವೆ. ಕಥೆ ನಡೆಸಿ ತೀರ್ಪು ಹೇಳುವ ಡಂಜನ್ ಮಾಸ್ಟರ್ ನಾನೇ. ಒಂದೊಂದು ಸಾಮಾನಿನ ತೂಕವನ್ನೂ ಪೌಂಡಿನಲ್ಲಿ ಕೂಡಿಸುತ್ತ ಕುಳಿತರೆ ಆಟವೇ ನಿಂತುಹೋಗುತ್ತದೆ. ಕೈಬಿಟ್ಟರೆ ಒಬ್ಬನೇ ಒಂದು ಏಣಿ, ಮೂರು ಹಗ್ಗ, ಇಪ್ಪತ್ತು ಪಂಜು, ಎರಡು ಡೇರೆಗಳ ಜೊತೆಗೆ ಪಾಳು ಗುಡಿಯ ಕಂಚಿನ ವಿಗ್ರಹವನ್ನೂ ಹೊತ್ತು ಓಡುತ್ತಾನೆ. ಮುಂದಿನ ಕಥೆಯನ್ನು ಮಧುಗಿರಿ, ಪಾವಗಡದ ಕಡೆಯ ನೆಲವನ್ನು ಹೋಲುವ ಒಣಸೀಮೆಯಲ್ಲಿ ನಡೆಸಬೇಕೆಂದಿದ್ದೇನೆ. ಹೊರೆಯನ್ನೂ ಬುತ್ತಿಯನ್ನೂ ಹೇಗೆ ನಿಭಾಯಿಸಲಿ?

ಉತ್ತರ: ನಿಮ್ಮ ತೊಂದರೆಯ ಬೇರು ನಿಯಮಗಳ ಪುಸ್ತಕದಲ್ಲಿಯೇ ಇದೆ. ಪಾತ್ರದ ಸ್ಟ್ರೆಂತ್, ಅಂದರೆ ಮೈಬಲದ ಅಂಕಿಯನ್ನು ಹದಿನೈದರಿಂದ ಗುಣಿಸಿದರೆ ಬರುವಷ್ಟು ಪೌಂಡ್ ಹೊರಬಹುದೆಂಬುದು ಮೂಲ ನಿಯಮ. ಹತ್ತು ಅಂಕಿಯ ಸಾಧಾರಣ ಮನುಷ್ಯನಿಗೂ ಇದು 150 ಪೌಂಡ್, ಅಂದರೆ ಸುಮಾರು 68 ಕಿಲೋ ಆಗುತ್ತದೆ. ಮಂಡಿಯಲ್ಲಿ ಮೂಟೆ ಹೊರುವ ಹಮಾಲರು ಅಷ್ಟು ಭಾರವನ್ನು ಲಾರಿಯಿಂದ ಗೋದಾಮಿನವರೆಗೆ ಹೊತ್ತಾರೇ ಹೊರತು, ಅದನ್ನು ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ನಡೆದು ಸಂಜೆ ಕತ್ತಿ ಹಿಡಿಯುವುದು ಯಾರಿಂದಲೂ ಆಗದ ಮಾತು. ಇಷ್ಟು ಸಡಿಲವಾದ ಮಿತಿ ಆಟದಲ್ಲಿ ಯಾರಿಗೂ ತಟ್ಟುವುದಿಲ್ಲ, ತಟ್ಟದ ಮಿತಿಗಾಗಿ ಲೆಕ್ಕ ಬರೆಯುವ ತಾಳ್ಮೆಯೂ ಯಾರಿಗೂ ಇರುವುದಿಲ್ಲ.

ಅದೇ ಪುಸ್ತಕದಲ್ಲಿರುವ ಐಚ್ಛಿಕ ನಿಯಮ ಇನ್ನೊಂದು ತುದಿಗೆ ಹೋಗುತ್ತದೆ. ಅದರಂತೆ ಸ್ಟ್ರೆಂತ್‌ನ ಐದರಷ್ಟು ಪೌಂಡ್ ದಾಟಿದರೆ ನಡಿಗೆಯ ವೇಗ ಹತ್ತು ಅಡಿ ಕಡಿಮೆಯಾಗುತ್ತದೆ, ಹತ್ತರಷ್ಟು ದಾಟಿದರೆ ಇಪ್ಪತ್ತು ಅಡಿ. ಹದಿಮೂರು ಅಂಕಿಯ ಯೋಧನೊಬ್ಬನನ್ನು ತೆಗೆದುಕೊಳ್ಳಿ. ಅವನ ಮೊದಲ ಮಿತಿ 65 ಪೌಂಡ್. ಚೈನ್ ಮೇಲ್ ಕವಚಕ್ಕೆ 55, ಗುರಾಣಿಗೆ 6, ಉದ್ದಗತ್ತಿಗೆ 3 ಕಳೆದರೆ ಉಳಿಯುವುದು ಒಂದೇ ಪೌಂಡ್. ಐವತ್ತು ಅಡಿಯ ಸೆಣಬಿನ ಹಗ್ಗವೇ ಹತ್ತು ಪೌಂಡ್ ತೂಗುವಾಗ, ಆ ಯೋಧ ಊರ ಬಾಗಿಲು ದಾಟುವ ಮೊದಲೇ ಕುಂಟತೊಡಗುತ್ತಾನೆ. ಹೀಗಾಗಿ ಹೆಚ್ಚಿನ ತಂಡಗಳು ಎರಡು ಸಲ ಆಡಿ ಈ ನಿಯಮವನ್ನು ಮರೆತುಬಿಡುತ್ತವೆ, ನಾನು ಅವರನ್ನು ದೂರುವುದಿಲ್ಲ.

ನನ್ನ ಸಲಹೆಯೆಂದರೆ, ಪೌಂಡುಗಳನ್ನು ಪೂರ್ತಿ ಬಿಟ್ಟು, ತೂಕದ ಬದಲು ಸಾಮಾನು ಹಿಡಿಯುವ ಜಾಗಗಳನ್ನು ಎಣಿಸುವ ಸ್ಲಾಟ್ ಪದ್ಧತಿಗೆ ಬನ್ನಿ. 2023ರ ಶ್ಯಾಡೋಡಾರ್ಕ್ ಆಟದಲ್ಲಿರುವಂತೆ, ಪಾತ್ರದ ಸ್ಟ್ರೆಂತ್ ಅಥವಾ ಹತ್ತು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸ್ಲಾಟುಗಳನ್ನು ಕೊಡಿ. ಕತ್ತಿ, ಹಗ್ಗದ ಸುರುಳಿ, ತುಂಬಿದ ನೀರಿನ ಚೀಲ, ಹೀಗೆ ಒಂದು ಕೈಯಲ್ಲಿ ಹಿಡಿದು ನಡೆಯಬಹುದಾದ ವಸ್ತುವಿಗೆ ಒಂದು ಸ್ಲಾಟ್. ಎರಡು ಕೈ ಬೇಕಾದ್ದಕ್ಕೆ ಎರಡು. ಡೇರೆಗೆ ಮೂರು ಇಡಿ. ಮೈಮೇಲಿನ ಬಟ್ಟೆ, ಸೀಮೆಸುಣ್ಣದ ತುಂಡು, ಸೂಜಿದಾರದಂಥವು ಲೆಕ್ಕಕ್ಕೆ ಬೇಡ. ಕ್ಯಾರೆಕ್ಟರ್ ಶೀಟಿನ ಹಿಂಬದಿಯಲ್ಲಿ ಗೆರೆ ಎಳೆದು ಒಂದು ಗೆರೆಗೆ ಒಂದು ವಸ್ತುವನ್ನು ಬರೆಸಿದರೆ ಸಂಕಲನವೇ ಇರುವುದಿಲ್ಲ, ಗೆರೆ ಮುಗಿದಲ್ಲಿಗೆ ಚೀಲವೂ ತುಂಬಿತು. ನಿಮ್ಮ ಕಂಚಿನ ವಿಗ್ರಹಕ್ಕೆ ನಾನು ಎಂಟು ಸ್ಲಾಟ್ ಹೇಳುತ್ತೇನೆ. ಬೇಕಿದ್ದವನು ಏಣಿಯನ್ನೂ ಡೇರೆಗಳನ್ನೂ ಅಲ್ಲೇ ಎಸೆದು ಹೋಗಲಿ. ಏನನ್ನು ಬಿಟ್ಟುಹೋಗಬೇಕೆಂದು ಮೇಜಿನ ಸುತ್ತ ಚರ್ಚೆ ಹತ್ತಿಕೊಂಡರೆ ನಿಯಮ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಬುತ್ತಿಯ ವಿಷಯದಲ್ಲಿ ಬಹಳ ಮಂದಿ ಅನ್ನದ ಚಿಂತೆ ಮಾಡುತ್ತಾರೆ, ನಿಜವಾಗಿ ಕಾಡಬೇಕಾದದ್ದು ನೀರು. ನಿಯಮದಂತೆ ದಿನಕ್ಕೆ ಒಂದು ಪೌಂಡ್ ಆಹಾರ ಸಾಕು, ಅದೂ ಇಲ್ಲದೆ ಮೂರು ದಿನ ಮತ್ತು ಕಾನ್ಸ್ಟಿಟ್ಯೂಷನ್ ಎಂಬ ದೇಹದಾರ್ಢ್ಯದ ಅಂಕಿಯಿಂದ ಬರುವ ಮಾಡಿಫೈಯರ್‌ನಷ್ಟು ದಿನ ತಡೆದುಕೊಳ್ಳಬಹುದು. ನೀರು ಮಾತ್ರ ದಿನಕ್ಕೊಂದು ಗ್ಯಾಲನ್, ಬಿಸಿಲು ನಾಡಿನಲ್ಲಿ ಎರಡು ಗ್ಯಾಲನ್ ಬೇಕು. ಅರ್ಧದಷ್ಟೇ ಕುಡಿದವನು 15ರ ಕಾನ್ಸ್ಟಿಟ್ಯೂಷನ್ ಸೇವ್ ಎಂಬ ದಾಳದ ಪರೀಕ್ಷೆ ಗೆಲ್ಲದಿದ್ದರೆ ಆ ದಿನದ ಕೊನೆಗೆ ಬಳಲಿಕೆಯ ಒಂದು ಹಂತಕ್ಕೆ ಇಳಿಯುತ್ತಾನೆ, ಅದಕ್ಕೂ ಕಡಿಮೆಯಾದರೆ ಸೇವ್ ಕೂಡ ಇಲ್ಲ, ಆರನೆಯ ಹಂತ ಸಾವು. ಒಂದು ಚರ್ಮದ ಚೀಲದಲ್ಲಿ ಹಿಡಿಯುವುದು ಅರ್ಧ ಗ್ಯಾಲನ್ ಮಾತ್ರ, ತುಂಬಿದಾಗ ಅದರ ತೂಕ ಐದು ಪೌಂಡ್. ಬಿಸಿಲಿನ ಒಂದು ದಿನಕ್ಕೆ ತಲೆಗೆ ನಾಲ್ಕು ಚೀಲವೆಂದರೆ ನಾಲ್ಕು ಸ್ಲಾಟ್, ಮೂರು ದಿನಕ್ಕೆ ಹನ್ನೆರಡು. ಹತ್ತು ಸ್ಲಾಟಿನವನು ಬರಿಗೈಯಲ್ಲಿ ಹೊರಟರೂ ಸಾಲದು. ಇದು ಆಟಕ್ಕೆ ತೀರಾ ಬಿಗಿಯಾಯಿತೆಂದು ನನಗೆ ಅನ್ನಿಸುವುದರಿಂದ, ಎರಡು ಚೀಲಗಳನ್ನು ಜೋಡಿಕಟ್ಟಿ ಒಂದು ಸ್ಲಾಟಿಗೆ ಕೂರಿಸುತ್ತೇನೆ. ಆಹಾರವನ್ನು ಮೂರು ದಿನದ್ದಕ್ಕೆ ಒಂದು ಸ್ಲಾಟಿನಂತೆ ಹಿಡಿಯಿರಿ. ರಾಗಿ ಹುರಿಹಿಟ್ಟು ಬೆಲ್ಲವಾದರೆ ನಾಲ್ಕು ದಿನದ್ದು ಒಂದು ಸ್ಲಾಟಿನಲ್ಲಿ ಹಿಡಿಸಿದರೂ ಸರಿಯೇ, ಆದರೆ ಹಿಟ್ಟು ಕಲಸಲು ನೀರು ಬೇಕೆಂಬುದನ್ನು ಆಟಗಾರರಿಗೆ ನೆನಪಿಸಿ.

ಇಷ್ಟಾದ ಮೇಲೆ ಮುಖ್ಯ ಕೆಲಸ ನಿಮ್ಮ ನಕ್ಷೆಯದು. ಒಣಸೀಮೆಯಲ್ಲಿ ಬಾವಿ, ಕಟ್ಟೆ, ಕಲ್ಯಾಣಿಗಳು ಎಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ದಿನದ ನಡಿಗೆ, ಯಾವುದು ಬೇಸಿಗೆಯಲ್ಲಿ ಬತ್ತುತ್ತದೆ, ಯಾವುದಕ್ಕೆ ಪಾಳೇಗಾರನ ಕಾವಲಿದೆ, ಇವು ಗೊತ್ತಿಲ್ಲದೆ ನೀರಿನ ಲೆಕ್ಕ ಇಡುವುದು ವ್ಯರ್ಥ. ಗುರಿ ಒಂದೇ ದಿನದ ದೂರದಲ್ಲಿದ್ದರೆ ಬುತ್ತಿಯನ್ನು ಕೇಳಲೇಬೇಡಿ. ನಾಲ್ಕು ದಿನದ ದಾರಿಯಲ್ಲಿ ಎರಡನೆಯ ದಿನದ ಬಾವಿ ಬತ್ತಿದ್ದರೆ ಮಾತ್ರ ಪ್ರತಿಯೊಂದು ಚೀಲವನ್ನೂ ಎಣಿಸಿ.

ಆಗ ಆಟಗಾರರು ಹೇಸರಗತ್ತೆಯನ್ನು ಕೇಳುತ್ತಾರೆ; ಎಂಟು ಚಿನ್ನದ ನಾಣ್ಯಕ್ಕೆ ಸಿಗುವ ಆ ಪ್ರಾಣಿ 420 ಪೌಂಡ್ ಹೊರುತ್ತದೆ. ಧಾರಾಳವಾಗಿ ಕೊಡಿ. ಪುಸ್ತಕದ ಪ್ರಕಾರ ಅದು ಮಧ್ಯಮ ಗಾತ್ರದ್ದಾದ್ದರಿಂದ ಮನುಷ್ಯನಷ್ಟೇ ನೀರು ಸಾಕು, ನಾನಾದರೆ ಎರಡರಷ್ಟು ಕುಡಿಸುತ್ತೇನೆ. ಮಧುಗಿರಿಯಂಥ ಏಕಶಿಲೆಯ ಬೆಟ್ಟದ ಕೋಟೆಗೆ ಹತ್ತಬೇಕಾದಾಗ ಅದು ಬುಡದಲ್ಲೇ ಉಳಿಯುತ್ತದೆ, ಅದನ್ನು ಕಾಯಲು ಒಬ್ಬರು ಉಳಿಯಬೇಕೇ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಇದೆಲ್ಲ ಬರೀ ಲೆಕ್ಕಾಚಾರವೆಂದು ಮೂಗು ಮುರಿಯುವ ಆಟಗಾರರಿದ್ದರೆ ನಮ್ಮ ಇತಿಹಾಸವನ್ನೇ ಹೇಳಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ, ಎತ್ತುಗಳು ಸತ್ತು ದಿನಸಿ ಮುಗಿದದ್ದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಇಂಗ್ಲಿಷರು ನಂದಿದುರ್ಗವನ್ನು ಹಿಡಿದದ್ದಕ್ಕೆ ಸಾಮಗ್ರಿಯ ದಾರಿಗಳನ್ನು ಭದ್ರಪಡಿಸಿಕೊಳ್ಳುವುದು ಒಂದು ದೊಡ್ಡ ಕಾರಣ. ಮುಂದಿನ ದಂಡಯಾತ್ರೆಗೆ ಧಾನ್ಯ ತಂದದ್ದು ಬಂಜಾರರ ಹೇರೆತ್ತುಗಳು. ಆ ಹೇರೆತ್ತುಗಳ ಸಾಲನ್ನು ತಡೆಯುವ ಅಥವಾ ಕಾಯುವ ಕೆಲಸವನ್ನು ನಿಮ್ಮ ತಂಡಕ್ಕೆ ವಹಿಸಿದರೆ ಒಂದು ಇಡೀ ಸಂಜೆಯ ಆಟ ಸಿದ್ಧವಾಯಿತು.

2016ರ ಬ್ಲ್ಯಾಕ್ ಹ್ಯಾಕ್ ಆಟದಿಂದ ಹಬ್ಬಿದ ಬಳಕೆಯ ದಾಳದ ಬಗ್ಗೆಯೂ ನೀವು ಕೇಳಿರಬಹುದು. ವಸ್ತುವನ್ನು ಬಳಸಿದಾಗ ಎಂಟು ಮುಖದ ದಾಳ ಉರುಳಿಸಿ ಒಂದು ಅಥವಾ ಎರಡು ಬಿದ್ದರೆ ಆರು ಮುಖದ್ದಕ್ಕೆ, ಅಲ್ಲಿಂದ ನಾಲ್ಕಕ್ಕೆ ಇಳಿಯುವುದು. ನಾಲ್ಕರಲ್ಲೂ ಹಾಗೆ ಬಿದ್ದರೆ ವಸ್ತು ಮುಗಿಯಿತು. ಎಂಟರಿಂದ ಶುರುವಾದದ್ದು ಸರಾಸರಿ ಒಂಬತ್ತು ಬಳಕೆಗೆ ಬರುತ್ತದೆ, ಇಪ್ಪತ್ತನಾಲ್ಕರಲ್ಲಿ ಒಮ್ಮೆ ಮೂರಕ್ಕೇ ಮುಗಿಯುತ್ತದೆ. ಬಾಣ, ದೀಪದೆಣ್ಣೆ, ಔಷಧದ ಚೀಲಗಳಿಗೆ ಇದು ಸೊಗಸಾಗಿ ಒಗ್ಗುತ್ತದೆ. ನೀರಿಗೆ ಬೇಡ. ಯೋಚಿಸಿ ತುಂಬಿಕೊಂಡು ಹೊರಟವನೂ ಯೋಚಿಸದೆ ಹೊರಟವನೂ ದಾಳದ ಮುಂದೆ ಒಂದೇ ಆಗಿಬಿಟ್ಟರೆ ಯೋಜನೆ ಮಾಡಲು ಯಾರಿಗೂ ಮನಸ್ಸು ಬಾರದು.

ಕೊನೆಯದಾಗಿ ಮಂತ್ರಗಳ ವಿಚಾರವನ್ನು ಆಟ ಶುರುವಾಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಗುಡ್‌ಬೆರಿ ಎಂಬ ಮೊದಲ ಮಟ್ಟದ ಮಂತ್ರದ ಹತ್ತು ಹಣ್ಣುಗಳಲ್ಲಿ ಒಂದೊಂದೂ ಒಬ್ಬನ ಒಂದು ದಿನದ ಹಸಿವು ನೀಗುತ್ತದೆ. ಅದನ್ನು ನಾನು ನಿಷೇಧಿಸುವುದಿಲ್ಲ, ಆಹಾರದ ಲೆಕ್ಕವನ್ನು ಅಲ್ಲಿಗೆ ಬಿಟ್ಟುಬಿಡುತ್ತೇನೆ. ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಕೂಡ ಮೊದಲ ಮಟ್ಟದ್ದೇ. ಒಂದೇ ಸಲಕ್ಕೆ ಹತ್ತು ಗ್ಯಾಲನ್ ನೀರು, ನಿಮ್ಮ ನಾಲ್ವರಿಗೆ ಬಿಸಿಲಿನ ಒಂದು ದಿನ ಕಳೆದೂ ಎರಡು ಗ್ಯಾಲನ್ ಮಿಗುತ್ತದೆ. ಆದರೆ ಆ ನೀರು ಬಾಯ್ತೆರೆದ ಪಾತ್ರೆಗೆ ಬೀಳಬೇಕು, ಇಲ್ಲವೇ ಮಳೆಯಾಗಿ ನೆಲಕ್ಕೆ ಸುರಿದುಹೋಗಬೇಕು. ಹತ್ತು ಗ್ಯಾಲನ್ ಎಂದರೆ ಸುಮಾರು 38 ಲೀಟರ್. ಅಷ್ಟು ಹಿಡಿಯುವ ಹಂಡೆಯನ್ನು ತಂಡದಲ್ಲಿ ಯಾರು, ಎಷ್ಟು ಸ್ಲಾಟ್ ಕೊಟ್ಟು ಹೊತ್ತಿದ್ದಾರೆಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಾಣ್ಯಗಳಿಗೂ ಭಾರ ಹಿಡಿಯಬೇಕೆ? (ಕೋಲಾರದ ಓದುಗರೊಬ್ಬರು)

ಉತ್ತರ: ಹಿಡಿಯಿರಿ. ಈ ಆಟದ ಹಳೆಯ ಆವೃತ್ತಿಗಳು ಭಾರವನ್ನು ಅಳೆಯುತ್ತಿದ್ದದ್ದೇ ನಾಣ್ಯಗಳಲ್ಲಿ, ಹತ್ತು ನಾಣ್ಯಕ್ಕೆ ಒಂದು ಪೌಂಡಿನಂತೆ. ಐದನೆಯ ಆವೃತ್ತಿಯಲ್ಲಿ ಐವತ್ತಕ್ಕೆ ಒಂದು ಪೌಂಡ್. ಸ್ಲಾಟ್ ಪದ್ಧತಿಯಲ್ಲಿ ಮೊದಲ ನೂರನ್ನು ಬಿಟ್ಟು, ಆಮೇಲಿನ ಪ್ರತಿ ನೂರಕ್ಕೆ ಒಂದು ಸ್ಲಾಟ್ ಎಂದಿಟ್ಟುಕೊಂಡರೆ ಸಾಕು. ಎರಡು ಸಾವಿರ ತಾಮ್ರದ ಕಾಸು ಸಿಕ್ಕಾಗ ಅದನ್ನು ಹೊರುವುದೋ, ಹೂತಿಟ್ಟು ಗುರುತು ಹಾಕುವುದೋ ಎಂಬುದನ್ನು ಅವರೇ ತೀರ್ಮಾನಿಸಿಕೊಳ್ಳಲಿ.