ಸ್ಯಾಂಪ್ಲರ್ ಪ್ರಶ್ನೋತ್ತರ: ಬೀಟ್ ಏಕೆ ಹಿಂದೆ ಬೀಳುತ್ತದೆ?

ಪ್ರಶ್ನೆ: ಶಬ್ದದ ತುಣುಕು (ಸ್ಯಾಂಪಲ್) ರೆಕಾರ್ಡ್ ಮಾಡಿ ಪ್ಯಾಡ್ ತಟ್ಟಿ ನುಡಿಸುವ ಯಂತ್ರ, ನನ್ನ ಮೊದಲ ಸ್ಯಾಂಪ್ಲರ್, ಕೈಗೆ ಬಂದಿದೆ. ಹದಿನಾರು ಪ್ಯಾಡು, ಪ್ರತಿ ಗುಂಡಿಗೂ ಎರಡೆರಡು ಕೆಲಸ. ಕೈಪಿಡಿ ಹಿಡಿದು ಕೂತರೆ ತಲೆ ಗಿರ್ರೆನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ಕೈಪಿಡಿಯಲ್ಲಿ ಸದ್ಯಕ್ಕೆ ಐದು ಸಂಗತಿ ಹುಡುಕಿಕೊಳ್ಳಿ: ಶಬ್ದ ರೆಕಾರ್ಡ್ ಮಾಡುವುದು, ಅದರ ಎರಡೂ ತುದಿ ಕತ್ತರಿಸುವುದು, ಪ್ಯಾಡಿಗೆ ಕೂರಿಸುವುದು, ಪ್ಯಾಟರ್ನ್ ನುಡಿಸಿ ದಾಖಲಿಸುವುದು, ಸೇವ್ ಮಾಡುವುದು. ಎಫೆಕ್ಟು, ಸಾಂಗ್ ಮೋಡು, ಮಿಡಿ ಎಲ್ಲವೂ ಆಮೇಲೆ.

ಯಂತ್ರದಲ್ಲೇ ಇರುವ ಮೂರು ಶಬ್ದ ತೆಗೆದುಕೊಳ್ಳಿ: ಒಂದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಒಂದು ಸ್ನೇರ್ (ಚುರುಕು ದನಿಯ ಡ್ರಮ್), ಒಂದು ಮುಚ್ಚಿದ ಹೈ-ಹ್ಯಾಟ್ (ಜೋಡಿ ತಟ್ಟೆ). ವೇಗ 90 ಬಿಪಿಎಂ (ನಿಮಿಷಕ್ಕೆ 90 ಎಣಿಕೆ), ಉದ್ದ ಒಂದು ಬಾರ್ (ನಾಲ್ಕು ಎಣಿಕೆ), ಕ್ವಾಂಟೈಸ್ (ಪೆಟ್ಟನ್ನು ಹತ್ತಿರದ ಗೆರೆಗೆ ಎಳೆಯುವ ಸೌಲಭ್ಯ) ಹದಿನಾರನೇ ಒಂದು ಭಾಗಕ್ಕೆ. ಅಂದರೆ ಬಾರಿನಲ್ಲಿ 16 ಮನೆ. ಸ್ನೇರನ್ನು 5 ಮತ್ತು 13ನೇ ಮನೆಯಲ್ಲಿ ಮೊದಲು ನುಡಿಸಿ. ಅದು ಗೂಟದ ಹಾಗೆ, ಮಿಕ್ಕದ್ದೆಲ್ಲ ಅದಕ್ಕೆ ಕಟ್ಟಿಕೊಂಡು ನಿಲ್ಲುತ್ತದೆ. ಲೂಪ್ ತಿರುಗುತ್ತಿರುವಾಗಲೇ ಕಿಕ್ಕನ್ನು 1, 8, 11ರಲ್ಲಿ ಸೇರಿಸಿ. ಕೊನೆಗೆ ಹ್ಯಾಟು, ಬೆಸ ಸಂಖ್ಯೆಯ ಎಂಟೂ ಮನೆಗಳಲ್ಲಿ. ಇದು ಕೈಗೆ ಕೂತಮೇಲೆ ಉದ್ದವನ್ನು ಎರಡು ಬಾರ್‌ಗೆ ಹಿಗ್ಗಿಸಿ, ಎರಡನೇ ಬಾರ್‌ನಲ್ಲಿ ಕಿಕ್ ಮಾತ್ರ ಬದಲಿಸಿ. ಒಂದು ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ. ಮುನ್ನೂರು ಕಿಕ್ ಇರುವ ಫೋಲ್ಡರ್ ತೆರೆದು ಒಂದೊಂದನ್ನೇ ಕೇಳುತ್ತ ಕೂರುವುದರಲ್ಲೇ ಹೊಸಬರ ಸಂಜೆಗಳೆಲ್ಲ ಕಳೆದುಹೋಗುತ್ತವೆ.

ಪ್ರಶ್ನೆ: ಫೋನಿನಿಂದ ಕೇಬಲ್ ಎಳೆದು ಹಾಡೊಂದನ್ನು ರೆಕಾರ್ಡ್ ಮಾಡಿದೆ. ವಾದ್ಯ ಕೇಳಿಸುತ್ತದೆ, ಹಾಡುವವರ ದನಿಯೇ ಮಾಯ! ಯಂತ್ರ ಕೆಟ್ಟಿದೆಯೇ?

ಇಲ್ಲ, ಕೇಬಲ್ ಬದಲಿಸಿ. ಫೋನಿನ 3.5 ಮಿ.ಮೀ. ಸ್ಟೀರಿಯೋ ಪಿನ್ನಿನಿಂದ ಒಂದೇ ಒಂದು 6.35 ಮಿ.ಮೀ. ಪಿನ್ನಿಗೆ ಹೋಗುವ ಕೇಬಲನ್ನು ಒಂದೇ ಇನ್‌ಪುಟ್‌ಗೆ ಸಿಕ್ಕಿಸಿದ್ದೀರಿ. ಆ ಇನ್‌ಪುಟ್ ಬ್ಯಾಲೆನ್ಸ್ಡ್ ಮಾದರಿಯದಾದರೆ ಎಡದ ಸಂಕೇತದಿಂದ ಬಲದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಹಾಡಿನಲ್ಲಿ ಗಾಯನ, ಕಿಕ್, ಬೇಸ್ ಸಾಮಾನ್ಯವಾಗಿ ನಡುವೆ ಇರುತ್ತವೆ, ಎರಡೂ ಕಡೆ ಒಂದೇ ಸಮ. ಕಳೆದರೆ ಸೊನ್ನೆ. ಒಂದು ಸ್ಟೀರಿಯೋ ಪಿನ್ ಎರಡು ಮೋನೋ ಪಿನ್ನಾಗಿ ಕವಲೊಡೆಯುವ ವೈ ಕೇಬಲ್ ತಂದು ಎಡ-ಬಲ ಇನ್‌ಪುಟ್‌ಗಳಿಗೆ ಬೇರೆ ಬೇರೆಯಾಗಿ ಹಾಕಿ.

ರೆಕಾರ್ಡ್ ಮಟ್ಟವನ್ನೂ ಒಮ್ಮೆ ನೋಡಿಕೊಳ್ಳಿ. ಹಾಡಿನ ಅತಿ ಜೋರಾದ ಜಾಗದಲ್ಲಿ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸರಿ. ಸೊನ್ನೆ ಮುಟ್ಟಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಆಮೇಲೆ ವಾಲ್ಯೂಮ್ ಇಳಿಸಿದರೂ ಆ ಒಡಕು ಹೋಗದು. ಗುಂಯ್ ಎಂಬ ಸದ್ದು ಕೇಳಿಸಿದರೆ ಮೊದಲು ಫೋನಿನ ಚಾರ್ಜರ್ ಕಿತ್ತು ನೋಡಿ. ಎರಡೂ ಯಂತ್ರ ಗೋಡೆಯಿಂದ ವಿದ್ಯುತ್ ಪಡೆಯುತ್ತಿದ್ದರೆ ನೆಲದ ತಂತಿಯ ಮೂಲಕ ಒಂದು ಸುತ್ತು ಕೂಡಿಕೊಂಡು ಈ ಗುಂಯ್‌ಗುಟ್ಟುವಿಕೆ ಶುರುವಾಗುತ್ತದೆ. ರೆಕಾರ್ಡ್ ಪ್ಲೇಯರಿನಿಂದ ತೆಗೆಯುವವರಿಗೆ ನಡುವೆ ಫೋನೋ ಪ್ರೀಆಂಪ್ ಬೇಕು, ಇಲ್ಲದಿದ್ದರೆ ಬೇಸೇ ಇಲ್ಲದ ಕ್ಷೀಣ ಶಬ್ದ ಬರುತ್ತದೆ.

ಪ್ರಶ್ನೆ: ಕ್ವಾಂಟೈಸ್ ಹಾಕಿಯೇ ನುಡಿಸುತ್ತೇನೆ. ಪರದೆಯಲ್ಲಿ ಎಲ್ಲ ಪೆಟ್ಟೂ ಮನೆಯ ಗೆರೆಯ ಮೇಲೇ ಇದೆ. ಆದರೂ ಕೇಳುವಾಗ ಸ್ನೇರ್ ಎಳೆದಂತೆ, ಇಡೀ ಬೀಟ್ ಸುಸ್ತಾದಂತೆ. ನನ್ನ ಕೈಗೆ ಲಯವಿಲ್ಲವೇ?

ಕೈಯನ್ನು ಬೈದುಕೊಳ್ಳುವ ಮುನ್ನ ಸ್ಯಾಂಪಲ್ಲಿನ ಆರಂಭ ಬಿಂದುವನ್ನು ನೋಡಿ. ಕ್ವಾಂಟೈಸ್ ಸರಿಪಡಿಸುವುದು ಪ್ಯಾಡ್ ಒತ್ತಿದ ಕ್ಷಣವನ್ನು ಮಾತ್ರ. ಒತ್ತಿದ ಮೇಲೆ ಶಬ್ದ ಯಾವಾಗ ಹೊರಡುತ್ತದೆ ಎಂಬುದು ನೀವು ಕತ್ತರಿಸಿದ ಜಾಗಕ್ಕೆ ಬಿಟ್ಟದ್ದು. 90 ಬಿಪಿಎಂನಲ್ಲಿ ಒಂದು ಮನೆ ಸುಮಾರು 167 ಮಿಲಿಸೆಕೆಂಡ್. ಸ್ನೇರಿನ ಮುಂದೆ 30 ಮಿಲಿಸೆಕೆಂಡ್ ಮೌನ ಉಳಿದಿದ್ದರೆ ಪ್ರತಿ ಪೆಟ್ಟೂ ಮನೆಯ ಆರನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗುತ್ತದೆ. ಪರದೆಯಲ್ಲಿ ಏನೂ ಕಾಣದು, ಕಿವಿಗೆ ಮಾತ್ರ ತಿಳಿಯುತ್ತದೆ.

ಸರಿಪಡಿಸುವುದು ಹೀಗೆ. ಸ್ಯಾಂಪಲ್ ಎಡಿಟ್‌ಗೆ ಹೋಗಿ ಅಲೆಯನ್ನು ಸಾಧ್ಯವಾದಷ್ಟು ಹಿಗ್ಗಿಸಿ. ಆರಂಭ ಬಿಂದುವನ್ನು ಪೆಟ್ಟಿನ ಒಳಕ್ಕೇ ತಳ್ಳಿ, ಸ್ನೇರಿನ ಚುರುಕು ಮಾಯವಾಗಿ ಮೊಂಡಾಗುವವರೆಗೆ. ಈಗ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಬನ್ನಿ. ಚುರುಕು ಪೂರ್ತಿ ಮರಳಿ ಬಂದ ಜಾಗವೇ ನಿಮ್ಮ ಆರಂಭ. ಮೌನದ ಕಡೆಯಿಂದ ಮುಂದೆ ಬರುವುದಕ್ಕಿಂತ ಹೀಗೆ ಒಳಗಿನಿಂದ ಹಿಂದೆ ಬರುವುದು ಒಳ್ಳೆಯದು, ಮೌನ ಎಷ್ಟು ಉಳಿದಿದೆ ಎಂದು ಕಿವಿ ಅಳೆಯಲಾರದು, ಪೆಟ್ಟು ಮೊಂಡಾದದ್ದನ್ನು ಥಟ್ಟನೆ ಹಿಡಿಯುತ್ತದೆ.

ಟಿಕ್ ಎಂಬ ಸಣ್ಣ ಸದ್ದು ಕೇಳಿಸಿದರೆ ಅಲೆ ಸೊನ್ನೆಯ ಗೆರೆಯಿಂದ ದೂರವಿರುವಾಗ ಕತ್ತರಿಸಿದ್ದೀರಿ ಎಂದರ್ಥ. ಅಲೆ ಗೆರೆ ದಾಟುವ ಜಾಗಕ್ಕೆ ಬಿಂದುವನ್ನು ಸರಿಸಿ, ಅಥವಾ ಅಟ್ಯಾಕನ್ನು (ಶಬ್ದ ಮೇಲೇರಲು ಹಿಡಿಯುವ ಸಮಯ) ಒಂದೆರಡು ಮಿಲಿಸೆಕೆಂಡ್ ಏರಿಸಿ. ಹೆಚ್ಚು ಏರಿಸಿದರೆ ಕಿಕ್ಕಿನ ಪೆಟ್ಟು ಹತ್ತಿಯಲ್ಲಿ ಸುತ್ತಿದ ಹಾಗಾಗುತ್ತದೆ. ಕೊನೆಯಲ್ಲಿ ಟಿಕ್ ಬಂದರೆ ರಿಲೀಸನ್ನು (ಶಬ್ದ ಇಳಿದು ನಿಲ್ಲಲು ಹಿಡಿಯುವ ಸಮಯ) ಸ್ವಲ್ಪ ಹೆಚ್ಚಿಸಿ.

ಇಷ್ಟಾದ ಮೇಲೂ ಎಳೆದಂತಿದ್ದರೆ ಕಿಕ್ ಮತ್ತು ಸ್ನೇರ್ ಒಮ್ಮೆ ಒತ್ತಿದರೆ ಪೂರ್ತಿ ನುಡಿಯುವ ಒನ್-ಶಾಟ್ ಮೋಡಿನಲ್ಲಿವೆಯೇ ನೋಡಿ. ಗೇಟ್ ಮೋಡಿನಲ್ಲಿ ಬೆರಳು ಎತ್ತಿದೊಡನೆ ಶಬ್ದ ತುಂಡಾಗುವುದರಿಂದ ಒಂದೊಂದು ಪೆಟ್ಟು ಒಂದೊಂದು ಉದ್ದವಾಗಿ ಲಯ ಒರಟಾಗುತ್ತದೆ. ಡ್ರಮ್ಮಿಗೆ ಒನ್-ಶಾಟ್, ತುಂಡರಿಸಿದ ರಾಗದ ಎಳೆಗಳಿಗೆ ಗೇಟ್.

ಪ್ರಶ್ನೆ: ನಾಲ್ಕು ಬಾರಿನ ಲೂಪ್ ಕತ್ತರಿಸಿದ್ದೇನೆ. ಡ್ರಮ್ ಜೊತೆ ಬಿಟ್ಟರೆ ಎರಡನೇ ಸುತ್ತಿಗೇ ಬೇರೆ ಬೇರೆ ದಾರಿ ಹಿಡಿಯುತ್ತವೆ. ಟೈಮ್-ಸ್ಟ್ರೆಚ್ ಮಾಡಿದರೆ ಶಬ್ದ ಕಲಸುತ್ತದೆ.

ಲೂಪಿನ ವೇಗ ಲೆಕ್ಕ ಹಾಕಿ: ಎಣಿಕೆಗಳನ್ನು 60ರಿಂದ ಗುಣಿಸಿ, ಸೆಕೆಂಡಿನ ಉದ್ದದಿಂದ ಭಾಗಿಸಿ. ನಾಲ್ಕು ಬಾರ್ ಎಂದರೆ 16 ಎಣಿಕೆ. ಲೂಪ್ 11.43 ಸೆಕೆಂಡ್ ಇದ್ದರೆ 960 ಭಾಗಿಸು 11.43, ಅಂದರೆ 84 ಬಿಪಿಎಂ. ಡ್ರಮ್ 90ರಲ್ಲಿದ್ದರೆ ಜಗಳ ಸಹಜ.

ಹೊಸಬರಿಗೆ ನಮ್ಮ ಸಲಹೆ, ಸ್ಟ್ರೆಚ್ ಮುಟ್ಟಬೇಡಿ, ಡ್ರಮ್ಮನ್ನೇ ಲೂಪಿನ ಬಳಿಗೆ ಕರೆತನ್ನಿ. 84ರಲ್ಲಿ ನಿಧಾನ ಎನಿಸಿದರೆ ಲೂಪಿನ ಪಿಚ್ಚನ್ನು ಒಂದು ಸೆಮಿಟೋನ್ (ಒಂದು ಸ್ವರಸ್ಥಾನ) ಏರಿಸಿ. ಮಾಮೂಲಿ ಪಿಚ್ ಬದಲಾವಣೆಯಲ್ಲಿ ಶ್ರುತಿ ಏರಿದಂತೆ ವೇಗವೂ ಏರುತ್ತದೆ, ಸೆಮಿಟೋನಿಗೆ ಸುಮಾರು ಶೇ 6ರಂತೆ. 84 ಈಗ 89 ಆಯಿತು. ಪ್ರಾಜೆಕ್ಟಿನ ವೇಗವನ್ನು 89ಕ್ಕೆ ಇಡಿ, ಕೆಲಸ ಮುಗಿಯಿತು. ಸ್ಟ್ರೆಚ್ ಶ್ರುತಿಯನ್ನು ಹಾಗೇ ಉಳಿಸಿ ಉದ್ದವನ್ನು ಮಾತ್ರ ಬದಲಿಸಬೇಕು, ಅದಕ್ಕಾಗಿ ಶಬ್ದವನ್ನು ಚೂರು ಮಾಡಿ ಮತ್ತೆ ಹೊಲಿಯುತ್ತದೆ. ನಿಮಗೆ ಕೇಳಿಸುತ್ತಿರುವ ಕಲಸು ಆ ಹೊಲಿಗೆಯದು.

ಪ್ರಶ್ನೆ: ನನ್ನ ಹೈ-ಹ್ಯಾಟ್ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ. ಸ್ವಿಂಗ್ ಹೆಚ್ಚಿಸಿದರೂ ಏನೂ ಬದಲಾಗಲಿಲ್ಲ.

ಬದಲಾಗದೆ ಇದ್ದದ್ದೇ ಸುಳಿವು. ಲಯ ತೂಗುವಂತೆ ಮಾಡುವ ಸ್ವಿಂಗ್ ತಡವಾಗಿಸಿ ಸರಿಸುವುದು ಸಮ ಸಂಖ್ಯೆಯ ಮನೆಗಳನ್ನು ಮಾತ್ರ. ನಿಮ್ಮ ಹ್ಯಾಟು ಬೆಸ ಮನೆಗಳಲ್ಲೇ ಇದ್ದರೆ ಅದಕ್ಕೆ ಸರಿಸಲು ಏನೂ ಸಿಗದು. ಸಮ ಮನೆಗಳಲ್ಲಿ ಒಂದೆರಡು ಮೆಲು ಪೆಟ್ಟು ಸೇರಿಸಿ, 4 ಮತ್ತು 12ರಲ್ಲಿ ಎಂದಿಟ್ಟುಕೊಳ್ಳಿ. ಈಗ ಸ್ವಿಂಗ್ ಗುಂಡಿ ತಿರುಗಿಸಿ. ರೋಜರ್ ಲಿನ್ ವಿನ್ಯಾಸ ಮಾಡಿ ಅಕಾಯ್ 1988ರಲ್ಲಿ ಹೊರತಂದ ಎಂಪಿಸಿ 60 ಸ್ಯಾಂಪ್ಲರಿನ ಕಾಲದಿಂದ ರೂಢಿಯಾದ ಅಳತೆಯಲ್ಲಿ 50 ಎಂದರೆ ನೇರ, 66 ಎಂದರೆ ಬಹುತೇಕ ತಿಶ್ರ ನಡೆ. 90 ಬಿಪಿಎಂನಲ್ಲಿ 58 ಇಟ್ಟರೆ ಸಮ ಮನೆಯ ಪೆಟ್ಟು 27 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ. 54ರಿಂದ 60ರ ನಡುವೆ ಹುಡುಕಿ. ಕೆಲವು ಯಂತ್ರಗಳು ಸೊನ್ನೆಯಿಂದ ಎಣಿಸುತ್ತವೆ, ಅಲ್ಲಿ ಈ ಅಂಕಿ ನಡೆಯದು.

ಜೋರನ್ನೂ ಬದಲಿಸಬೇಕು. ಪ್ರತಿ ಪೆಟ್ಟನ್ನೂ ಪೂರ್ಣ ಬಲದಲ್ಲಿ ದಾಖಲಿಸುವ ಫುಲ್ ಲೆವೆಲ್ ಗುಂಡಿ ಒತ್ತಿಹೋಗಿದ್ದರೆ ಆಫ್ ಮಾಡಿ. ವೆಲಾಸಿಟಿಯ (ಪೆಟ್ಟಿನ ಬಲ) 127ರ ಅಳತೆಯಲ್ಲಿ ಎಣಿಕೆಯ ಮೇಲಿನ ಹ್ಯಾಟು 100, ನಡುವಿನದು 70, ಮೆಲು ಪೆಟ್ಟು 40 ಇಟ್ಟು ನೋಡಿ. ತೆರೆದ ಹ್ಯಾಟೂ ಇದ್ದರೆ ಎರಡನ್ನೂ ಒಂದೇ ಮ್ಯೂಟ್ ಗ್ರೂಪಿಗೆ ಹಾಕಿ, ಮುಚ್ಚಿದ್ದು ನುಡಿದಾಗ ತೆರೆದದ್ದರ ಬಾಲ ಕತ್ತರಿಸುತ್ತದೆ. ನಿಜವಾದ ತಟ್ಟೆಗಳೂ ಹಾಗೇ ತಾನೆ.

ಪ್ರಶ್ನೆ: ಹಳೆಯ ಹಿಪ್-ಹಾಪ್‌ನ ಒರಟು ಶಬ್ದ ಹೊಸ ಯಂತ್ರದಲ್ಲಿ ಬರುತ್ತದೆಯೇ?

ಬಹುಮಟ್ಟಿಗೆ ಬರುತ್ತದೆ. ಆ ಶಬ್ದ ಹುಟ್ಟಿದ್ದು ಜಿಪುಣತನದಿಂದ. 1987ರ ಇ-ಮ್ಯು ಎಸ್‌ಪಿ-1200 ಸ್ಯಾಂಪ್ಲರಿಗೆ 12 ಬಿಟ್, 26.04 ಕಿಲೋಹರ್ಟ್ಸ್, ಒಟ್ಟು ನೆನಪು ಹತ್ತು ಸೆಕೆಂಡಿನಷ್ಟು. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರಲ್ಲಿ ಓಡಿಸಿ ತೆಗೆದುಕೊಂಡು, ಒಳಗೆ ಪಿಚ್ ಇಳಿಸುತ್ತಿದ್ದರು. ಇಳಿಸಿದಾಗ ಶಬ್ದದ ಕಂಪನದ ಮೇಲಿನ ಮಿತಿ 13 ಕಿಲೋಹರ್ಟ್ಸ್‌ನಿಂದ ಹತ್ತಕ್ಕಿಂತ ಕೆಳಗೆ ಬರುತ್ತಿತ್ತು. ನೀವೂ ಸ್ಯಾಂಪಲ್ಲನ್ನು 5 ಸೆಮಿಟೋನ್ ಏರಿಸಿ, ಬಿಟ್ ಕಡಿತದ ಎಫೆಕ್ಟ್ ಹಾಕಿ ರೀಸ್ಯಾಂಪಲ್ ಮಾಡಿ (ಹೊರಬರುವ ಶಬ್ದವನ್ನು ಯಂತ್ರದಲ್ಲೇ ಮತ್ತೆ ರೆಕಾರ್ಡ್ ಮಾಡಿ), ಆಮೇಲೆ 5 ಇಳಿಸಿ. ಮೂಲವನ್ನು ಅಳಿಸಬೇಡಿ.

ಪ್ರಶ್ನೆ: ನಿನ್ನೆಯ ಬೀಟ್ ತೆರೆದರೆ ಪ್ಯಾಟರ್ನ್ ಓಡುತ್ತದೆ, ಶಬ್ದವೇ ಇಲ್ಲ.

ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಫೋಲ್ಡರಿನ ಹೆಸರು ಬದಲಿಸಿದಿರಾ? ಪ್ಯಾಟರ್ನು ಯಾವ ಪ್ಯಾಡ್ ಯಾವಾಗ ಎಂಬುದನ್ನಷ್ಟೇ ನೆನಪಿಡುತ್ತದೆ. ಶಬ್ದವನ್ನು ಕಡತದ ಹೆಸರು, ವಿಳಾಸ ಹಿಡಿದು ಹುಡುಕುವ ಯಂತ್ರಗಳಲ್ಲಿ ವಿಳಾಸ ತಪ್ಪಿದರೆ ಪ್ಯಾಡ್ ಖಾಲಿ. ಹಳೆಯ ಹೆಸರು ಮರಳಿ ಕೊಟ್ಟು ಪ್ರಾಜೆಕ್ಟ್ ಮತ್ತೆ ತೆರೆಯಿರಿ. ಹೆಸರು ಮುಟ್ಟಿಲ್ಲವಾದರೆ, ಸ್ಯಾಂಪಲ್ ತಾತ್ಕಾಲಿಕ ನೆನಪಿನಲ್ಲೇ ಉಳಿದು ಯಂತ್ರ ಆಫ್ ಮಾಡಿದಾಗ ಅಳಿಸಿಹೋಗಿರುತ್ತದೆ. ಅದನ್ನು ಮತ್ತೆ ರೆಕಾರ್ಡ್ ಮಾಡಿ ಅದೇ ಪ್ಯಾಡಿಗೆ ಹಾಕಿ, ಪ್ಯಾಟರ್ನ್ ಹಾಗೇ ನುಡಿಯುತ್ತದೆ.