ಬ್ಯಾಂಕಾಕಿನಿಂದ ಮೊಮ್ಮಗನ ಭಸ್ಮ ತರುವುದು ಹೇಗೆ?

ಪ್ರಶ್ನೆ: ಮಗಳ ಸಂಸಾರ ಬ್ಯಾಂಕಾಕಿನಲ್ಲಿದೆ. ಪುಟ್ಟ ಮೊಮ್ಮಗ ತೀರಿಕೊಂಡ, ದಹನ ಅಲ್ಲೇ ಆಯಿತು. ನಾವು ಕ್ಯಾಥೊಲಿಕರು. ಭಸ್ಮವನ್ನು ಊರಿನ ಚರ್ಚಿನ ಸಮಾಧಿಭೂಮಿಯಲ್ಲಿ ಇಡಬಹುದೇ? ಒಂಬತ್ತು ವರ್ಷದ ಅಕ್ಕನನ್ನೂ ಕರೆತರಬೇಕೇ?
– ಓದುಗರು, ವಿರಾಜಪೇಟೆ

ಉತ್ತರ: ಖಂಡಿತ ಇಡಬಹುದು. ಕ್ಯಾಥೊಲಿಕ್ ಸಭೆ 1963ರಲ್ಲೇ ದಹನಕ್ಕೆ ಒಪ್ಪಿದೆ. 2016ರ ವ್ಯಾಟಿಕನ್ ಸೂಚನೆಯಂತೆ ಭಸ್ಮ ಪವಿತ್ರ ಸ್ಥಳದಲ್ಲಿರಬೇಕು, ಕಾವೇರಿಯಲ್ಲಿ ಬಿಡುವಂತಿಲ್ಲ. ಟಿಕೆಟ್ ಮಾಡುವ ಮೊದಲೇ ಪಾದ್ರಿಯವರನ್ನು ಕಂಡು ಜಾಗ, ದಿನ ಗೊತ್ತುಮಾಡಿಕೊಳ್ಳಿ.

ಅಲ್ಲಿನ ಮರಣಪತ್ರ ಥಾಯ್ ಭಾಷೆಯಲ್ಲಿರುತ್ತದೆ. ಅದರ ಇಂಗ್ಲಿಷ್ ಅನುವಾದ, ದಹನದ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಪಾಸ್‌ಪೋರ್ಟ್ ರದ್ದಾಗಿ ನಿರಾಕ್ಷೇಪಣಾ ಪತ್ರ ಸಿಗುತ್ತದೆ. ತೊಡಕು ಬರುವುದು ಹೆಸರಿನಲ್ಲಿ: ಥಾಯ್ ಲಿಪಿಗೆ ಹೋಗಿ ಮತ್ತೆ ಇಂಗ್ಲಿಷಿಗೆ ಬರುವಾಗ ಕಾಗುಣಿತ ಬದಲಾಗಿಬಿಡುತ್ತದೆ. ಪಾಸ್‌ಪೋರ್ಟ್ ಎದುರಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ.

ಹಿತ್ತಾಳೆ ಕಲಶ ಬೇಡ. ಎಕ್ಸ್‌ರೇಯಲ್ಲಿ ಒಳಗಿನದು ಕಾಣದೆ ಮುಚ್ಚಳ ತೆಗೆಯಿರಿ ಎಂದರೆ ಆ ತಾಯಿಗೆ ತಡೆಯಲಾಗದು. ತೆಳುವಾದ ಮರದ ಪೆಟ್ಟಿಗೆ, ಅದೂ ಕೈಚೀಲದಲ್ಲೇ ಇರಲಿ.

ಅಕ್ಕನನ್ನು ದಯವಿಟ್ಟು ಕರೆತನ್ನಿ. "ದೇವರು ಕರೆದುಕೊಂಡ" ಎಂದಷ್ಟೇ ಹೇಳಿದರೆ ಮುಂದಿನ ಸರದಿ ತನ್ನದೆಂದು ಹೆದರಬಹುದು. ಕಾಯಿಲೆಯೋ ಅಪಘಾತವೋ, ಆದದ್ದನ್ನು ನೇರವಾಗಿ ಹೇಳಿ. ಪೆಟ್ಟಿಗೆ ಮುಟ್ಟುವುದು, ಬಿಡುವುದು ಅವಳ ಇಷ್ಟ.